ಖಾಲಿ ಮಾಡಿಸಿದ ಬಸ್ಸು

ಹೊಂಗೆಕೊಪ್ಪಲಿನ ಬೆಳಗಿನ ಆರೂವರೆ ಬಸ್ಸನ್ನು ಕಂಡರೆ ಕೆಂಪರಾಜುವಿಗೆ ವಾಕರಿಕೆ ಬರುತ್ತಿತ್ತು. ರಾತ್ರಿ ಊರಲ್ಲೇ ತಂಗಿ, ಬೆಳಿಗ್ಗೆ ಮದ್ದೂರಿನ ಮೇಲೆ ಮಂಡ್ಯಕ್ಕೆ ಹೋಗುವ ಬಸ್ಸು ಅದು. ಊರಿಗೆ ಇದ್ದದ್ದು ಅದೊಂದೇ. ಮೆಟ್ಟಿಲ ಮೇಲೆ ಎಲೆಅಡಿಕೆ ಉಗುಳು, ಸೀಟಿನ ಸಂದಿಯಲ್ಲಿ ಕಡಲೆಕಾಯಿ ಸಿಪ್ಪೆ, ಕಿಟಕಿಯ ಕೆಳಗೆ ಯಾರೋ ವಾಂತಿ ಮಾಡಿ ಒಣಗಿದ ಗೆರೆ. ಆರು ಗಂಟೆಗೆಲ್ಲ ಜನ ಮುತ್ತಿಕೊಂಡು, ಬಾಗಿಲಲ್ಲಿ ನುಗ್ಗಲಾಗದವರು ಕಿಟಕಿಯಿಂದ ಟವೆಲ್ಲು, ಬ್ಯಾಗು, ಊಟದ ಡಬ್ಬಿ, ಏನೂ ಇಲ್ಲದಿದ್ದರೆ ಒಂದು ಕಾಲಿನ ಚಪ್ಪಲಿಯನ್ನಾದರೂ ಎಸೆದು ಸೀಟು ಹಿಡಿಯುತ್ತಿದ್ದರು. ಚಪ್ಪಲಿ ಬಿದ್ದ ಸೀಟಿನ ಮೇಲೆಯೇ ಹೋಗಿ ಕೂರುತ್ತಿದ್ದರು. ಥೂ, ಈ ಜನಕ್ಕೆ ಬುದ್ಧಿ ಬರುವುದು ಯಾವ ಕಾಲಕ್ಕೆ ಎಂದು ಕೆಂಪರಾಜು ಹಲ್ಲು ಕಡಿಯುತ್ತಿದ್ದ.

ಹಾಗೆ ಹಲ್ಲು ಕಡಿಯಲು ಅವನಿಗೆ ಹಕ್ಕಿತ್ತು ಅನ್ನಿ. ದುಬೈಯಲ್ಲಿ ಒಂಬತ್ತು ವರ್ಷ ಸಿಟಿ ಬಸ್ಸು ಓಡಿಸಿ ಬಂದವನು. ಅಲ್ಲಿ ವಯಸ್ಸಾದವರು ಹತ್ತುವಾಗ ಬಸ್ಸೇ ಒಂದು ಕಡೆಗೆ ಬಾಗಿ ನೆಲಕ್ಕೆ ತಗ್ಗುತ್ತದೆ, ಸ್ಟಾಪಿನಲ್ಲಿ ಕಾಯುವವರಿಗೂ ಏಸಿ ಇರುತ್ತದೆ, ಇಡೀ ದಿನ ಓಡಿಸಿದರೂ ಹಾರನ್ ಒತ್ತುವ ಪ್ರಮೇಯ ಬರುವುದಿಲ್ಲ ಎಂದು ಅವನು ಹೇಳುವುದನ್ನು ಊರಿನವರೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದ್ದರು. ಅವನು ಹೇಳದೇ ಬಿಟ್ಟದ್ದೂ ಒಂದಿತ್ತು. ಡ್ರೈವರುಗಳನ್ನು ಅವರು ತಂಗುವ ಕ್ಯಾಂಪಿನಿಂದ ಕೆಲಸಕ್ಕೆ ಕರೆದೊಯ್ಯಲು ಬರುತ್ತಿದ್ದ ಬಸ್ಸಿನಲ್ಲಿ ಏಸಿಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಅರವತ್ತು ಗಂಡಸರ ಬೆವರಿನಲ್ಲಿ ಅದ್ದಿ ತೆಗೆದ ಹಾಗಾಗಿ ಹೋಗಿ, ಡಿಪೋದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ತಣ್ಣನೆಯ ಬಸ್ಸು ಹತ್ತುತ್ತಿದ್ದ. ಅದನ್ನು ಹೆಂಡತಿ ಸುನಿತಾಳಿಗೂ ಹೇಳಿರಲಿಲ್ಲ.

ಮೂರು ವರ್ಷದ ಹಿಂದೆ ಅವ್ವ ಮಂಚಮ್ಮನ ಎರಡೂ ಕಿಡ್ನಿ ಕೈಕೊಟ್ಟಾಗ ಅವನು ಆ ಕೆಲಸ ಬಿಟ್ಟು ಬಂದ. ಈಗ ಊರಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಾನೆ. ಸೋಮವಾರ, ಬುಧವಾರ, ಶುಕ್ರವಾರ ಮಂಚಮ್ಮ ಮಂಡ್ಯದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕು. ಸುನಿತಾ ಜೊತೆಗೆ ಹೋಗುತ್ತಾಳೆ. ಸೂಜಿ ಚುಚ್ಚಲೆಂದು ಮಂಚಮ್ಮನ ಎಡತೋಳಿನಲ್ಲಿ ಡಾಕ್ಟರು ನರ ಜೋಡಿಸಿದ್ದರು. ಅಲ್ಲಿ ಬೆರಳಿಟ್ಟರೆ ಒಳಗೆ ಝುಂಯ್ ಎನ್ನುತ್ತಿತ್ತು. ಆ ತೋಳಿಗೆ ಬಿಗಿ ಬಳೆ ಹಾಕುವಂತಿಲ್ಲ, ಭಾರ ಎತ್ತುವಂತಿಲ್ಲ, ಯಾರೂ ಅದನ್ನು ಒತ್ತುವಂತಿಲ್ಲ.

ದೀಪಾವಳಿ ಕಳೆದ ಮೇಲಿನ ಸೋಮವಾರ ಯಾವನೋ ಪುಣ್ಯಾತ್ಮ ಬಸ್ಸಿನೊಳಗೆ ತರಕಾರಿ ಮೂಟೆ ತೂರಿಸುವ ಭರದಲ್ಲಿ ಅದನ್ನು ಸೀದಾ ಆ ತೋಳಿಗೆ ಒತ್ತಿಬಿಟ್ಟ. ಮಂಡ್ಯ ಮುಟ್ಟುವಷ್ಟರಲ್ಲಿ ತೋಳು ಊದಿ ನೀಲಿಗಟ್ಟಿತ್ತು. ಎರಡು ದಿನ ಸೂಜಿ ಹಾಕಲಾಗಲಿಲ್ಲ. ಮುಖ ದಪ್ಪವಾಗಿ, ಕಾಲಿನಲ್ಲಿ ನೀರು ತುಂಬಿ, ಮಲಗಿದರೆ ಉಸಿರಾಡಲಾಗದೆ ಮಂಚಮ್ಮ ಗೋಡೆಗೊರಗಿ ಕೂತೇ ಇದ್ದಳು. ಈ ತೋಳು ಹೋದರೆ ಬಹಳ ಕಷ್ಟ, ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದರು. ಅಂದಿನಿಂದ ಕೆಂಪರಾಜು ಇನ್ನೊಂದು ಬಸ್ಸು ಕೊಡಿ ಎಂದು ಅರ್ಜಿ ಬರೆಯಲು ಶುರು ಮಾಡಿದ. ಒಂದಲ್ಲ ಎರಡಲ್ಲ, ಹನ್ನೊಂದು ಅರ್ಜಿ.

ವಿಚಿತ್ರವೆಂದರೆ ಮಂಚಮ್ಮನಿಗೆ ಆ ಬಸ್ಸಿನ ಮೇಲೆ ಸಿಟ್ಟೇ ಇರಲಿಲ್ಲ.

"ಬಸ್ಸಲ್ಲಿ ಜನ ಇರ್ದೆ ಇನ್ನೇನು ದನ ಇರ್ತವೇನ್ಲಾ?" ಎಂದು ಮಗನನ್ನೇ ಗದರುತ್ತಿದ್ದಳು. "ಗೌಡ್ರ ಮಂಗಳಮ್ಮನೋರು ನಮ್ಮನೆ ಒಸ್ಲು ತುಳಿದೋರಲ್ಲ, ಅವರ ಅಟ್ಟಿ ಒಳಕ್ಕೆ ನಾನೂ ಓದೋಳಲ್ಲ. ಬಸ್ಸಲ್ಲಿ ಮಾತ್ರ ನನ್ ಪಕ್ಕದಲ್ಲೇ ಕುಂತು, ಈ ತೋಳ ಯಾರೂ ಮುಟ್ದಂಗೆ ಕೈ ಅಡ್ಡ ಇಡ್ಕಂಡು ಮದ್ದೂರುಗಂಟ ಬತ್ತಾರೆ. ಬೇರೆ ಎಲ್ಲಿ ಬತ್ತಾರಲಾ ಅಂಗೆ?"

"ಅಂಗಂತ ಅವತ್ತು ಮೂಟೆ ಬಂದು ಬಡೀಲಿಲ್ವಾ?"

"ಅವತ್ತು ಅವ್ರು ಬಂದಿರ್ನಿಲ್ಲ ಕಣ್ಲಾ."

ಇವಳಿಗೆ ಹೇಳಿ ಪ್ರಯೋಜನವಿಲ್ಲ ಎಂದು ಕೆಂಪರಾಜು ಮುಂದಿನ ಅರ್ಜಿ ಬರೆಯಲು ಕೂತ.

ಹನ್ನೊಂದನೇ ಅರ್ಜಿಗೆ ಉತ್ತರ ಬಂತು. ಮಾರ್ಗ ಪರಿಶೀಲನಾ ಸಮಿತಿಯವರು ಬರುವ ಬುಧವಾರ ಹೊಂಗೆಕೊಪ್ಪಲಿನಿಂದ ಮದ್ದೂರಿನವರೆಗೆ ಬಸ್ಸಿನಲ್ಲೇ ಪ್ರಯಾಣಿಸಿ 'ಸೌಕರ್ಯ ಹಾಗೂ ಬಳಕೆ' ಪರಿಶೀಲಿಸುತ್ತಾರೆ ಎಂದು ಅದರಲ್ಲಿತ್ತು. ಬರುವವರು ಚಂದನ ಎಂಬ ಮೇಡಂ, ಸಾರಿಗೆ ವ್ಯವಸ್ಥೆ ನೋಡಲೆಂದು ಜರ್ಮನಿಗೆ ಹೋಗಿ ಬಂದವರು ಎಂಬ ಸುದ್ದಿಯೂ ಹಿಂದೆಯೇ ಬಂತು. ಕೆಂಪರಾಜುವಿಗೆ ಸಂತೋಷಕ್ಕಿಂತ ಮೊದಲು ನಾಚಿಕೆಯಾಯಿತು. ಜರ್ಮನಿ ನೋಡಿದ ಕಣ್ಣಿಗೆ ಈ ಉಗುಳು, ಈ ಚಪ್ಪಲಿ, ಈ ನೂಕಾಟ ತೋರಿಸುವುದೇ? ಇಂಥ ಕೊಳಕರಿಗೆ ಇನ್ನೊಂದು ಬಸ್ಸು ಬೇರೆ ಕೇಡು ಎಂದು ಬರೆದುಕೊಂಡು ಹೋದರೆ ಗತಿಯೇನು?

ಭಾನುವಾರ ಮಾರಿಗುಡಿಯ ಜಗಲಿಯ ಮೇಲೆ ಊರು ಸೇರಿತು. ಪಂಚಾಯಿತಿ ಮೆಂಬರ್ ದೇವರಾಜು ದೊಡ್ಡ ಜಮೀನಿನವರು, ಹಿರಿಯರು. ಕೆಂಪರಾಜುವಿನ ಮಾತನ್ನು ಅವರು ಹಾಗೆಲ್ಲ ಕೇಳುವವರಲ್ಲ. ಆದರೆ ಬಸ್ಸಿನ ವಿಷಯ ಬಂದರೆ ದುಬೈ ನೋಡಿದವನ ಮಾತಿಗೆ ತೂಕವಿತ್ತು.

"ನೆಂಟರು ಮನೆಗ್ ಬಂದ್ರೆ ಮೊದ್ಲು ಅವ್ರುಗೆ ಇಕ್ಕಿ ಆಮೇಕೆ ಮನೆಯೋರು ಉಣ್ಣದಲ್ವಾ?" ಎಂದರು ದೇವರಾಜು. "ಆವಮ್ಮ ಕುಂತಿರೋ ಬಸ್ಸಲ್ಲಿ ನಾವೂ ಏರ್ಕಂಡು ಮೈಮೇಲ್ ಬೀಳದು ಮರ್ವಾದೆ ಅಲ್ಲ. ಅವತ್ತೊಂದಿನ ನಾಕ್ ಜನ ಕಮ್ಮಿ ಅತ್ತನ."

"ನಾಕ್ ಜನ ಅಲ್ಲ ದ್ಯಾವರಾಜಣ್ಣ, ಒಬ್ರೂ ಅತ್ತಬಾರ್ದು," ಎಂದ ಕೆಂಪರಾಜು. ಅಷ್ಟು ದಿನ ಒಳಗೇ ಅದುಮಿಟ್ಟದ್ದು ಹೊರಗೆ ಬಂತು. "ಒಬ್ಬ ಅತ್ತುದ್ರೆ ಅವನ ಇಂದೆ ಅತ್ತು ಜನ ನುಗ್ತಾರೆ. ನೀವು ಸರತಿ ಸಾಲಲ್ಲಿ ನಿಲ್ಲೋ ಜನ ಅಲ್ಲ, ನಂಗೊತ್ತು. ಬಸ್ಸು ತೊಳ್ದು, ತೋರಣ ಕಟ್ಟಿ, ಖಾಲಿ ಬುಡನ. ಕೆಲಸಕ್ಕೆ ಓಗೋರ್ನ ಐದೂವರೆಗೇ ಟ್ರ್ಯಾಕ್ಟ್ರಲ್ಲಿ ಮದ್ದೂರಿಗೆ ಕಳಿಸ್ತೀನಿ. ನಮ್ಮವ್ವನೂ ಸುನಿತಾನೂ ಮಾತ್ರ ಬಸ್ಸಲ್ಲಿರ್ಲಿ. ರೋಗಿಗಳು ನೆಮ್ದಿಯಾಗಿ ಓಗೋ ಅಂಥಾ ಬಸ್ಸು ಅಂತ ಆವಮ್ಮನ ಕಣ್ಣಿಗೆ ಬೀಳ್ಲಿ. ಇಂಥಾ ಊರಿಗೆ ಇನ್ನೊಂದು ಬಸ್ಸು ಕೊಡದೆ ಇನ್ಯಾವೂರಿಗೆ ಕೊಟ್ಟಾರು?"

ಅವನು ತಮ್ಮ ಮುಖಕ್ಕೇ ಬೈದದ್ದನ್ನು ಯಾರೂ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಊರಿನ ಮರ್ಯಾದೆಯ ಪ್ರಶ್ನೆ ಎಂದು ಎಲ್ಲರೂ ತಲೆಯಾಡಿಸಿದರು. ಹೂವು ಮಾರುವ ಚಿಕ್ಕಬೋರಮ್ಮ ಒಬ್ಬಳೇ, ಟ್ರ್ಯಾಕ್ಟರಿನಲ್ಲಿ ಹೂವೆಲ್ಲ ಬಾಡುತ್ತದೆ ಎಂದು ಗೊಣಗಿದಳು. ಒಂದು ದಿನಕ್ಕೆ ಏನೂ ಆಗುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದರು. ಬಸ್ಸು ಹಾಯುವ ಇನ್ನೆರಡು ಸಣ್ಣ ಊರುಗಳಿಗೂ ಕೆಂಪರಾಜು ಬೈಕಿನಲ್ಲಿ ಹೋಗಿ ಇದನ್ನೇ ಹೇಳಿ ಬಂದ.

ಮಂಗಳವಾರ ಸಂಜೆ ಬಸ್ಸು ಬಂದು ನಿಂತಾಗ ಕಂಡಕ್ಟರ್ ಮಹದೇವು ಅವನನ್ನು ಪಕ್ಕಕ್ಕೆ ಕರೆದ.

"ಅಣ್ಣಾ, ಖಾಲಿ ಮಾಡಿಸ್ತಿದ್ದೀಯಂತಲ್ಲ. ಬೇಡ ಕಣಣ್ಣಾ. ಅವ್ರು ಬರೋದು ತಲೆ ಎಣ್ಸಕ್ಕೆ. ನಮ್ ಟಿಕೆಟ್ ಮಿಷನ್ನಲ್ಲಿ ಲೆಕ್ಕ ಮೊದ್ಲೇ ಕಮ್ಮಿ ತೋರುಸ್ತದೆ. ನೂಕಾಟದಲ್ಲಿ ಇಂದುಗಡೆ ಗಂಟ ನಾನು ಓಗಕ್ಕೇ ಆಗಲ್ಲ. ಎಂಗಸ್ರು ಫ್ರೀ ಅಲ್ವಾ ಅಂತ ಟಿಕೆಟ್ಟೇ ಈಸ್ಕಳಲ್ಲ. ಜನ ಎಷ್ಟವ್ರೆ ಅಂತ ಅವ್ರು ಕಣ್ಣಲ್ಲಿ ನೋಡ್ಲಿ ಬುಡು."

"ಲೇ ಮಹದೇವು, ಒಂಬತ್ತು ವರ್ಷ ದುಬೈಲಿ ಬಸ್ಸು ಓಡ್ಸಿದೋನು ನಾನು. ನಂಗೆ ಯೋಳ್ಕೊಡ್ತೀಯಾ? ಅವ್ರು ನೋಡೋದು ಶಿಸ್ತು ಕಣ್ಲಾ. ನಿನ್ ಉಗುಳ್ ಡಬ್ಬಾನಲ್ಲ."

ಮಹದೇವು ಇನ್ನೇನೋ ಹೇಳಲು ಬಾಯಿ ತೆರೆದ. ಕೆಂಪರಾಜು ಆಗಲೇ ಬಕೆಟ್ಟು, ಪೊರಕೆ ಹಿಡಿದು ಬಸ್ಸು ಹತ್ತಿದ್ದ.

ಬುಧವಾರ ಬೆಳಿಗ್ಗೆ ಆ ಬಸ್ಸನ್ನು ನೋಡಬೇಕಿತ್ತು! ಫಿನಾಯಿಲ್ ವಾಸನೆ ಗಮ್ಮೆನ್ನುತ್ತಿತ್ತು. ಬಾಗಿಲಿಗೆ ಮಾವಿನ ತೋರಣ, ಮುಂದೆ ಎರಡು ಬಾಳೆಕಂದು. ಐದೂವರೆಗೇ ಎರಡು ಟ್ರ್ಯಾಕ್ಟರುಗಳಲ್ಲಿ ಜನ ತುಂಬಿಕೊಂಡು ಹೋಗಿದ್ದರು. ಮಿಕ್ಕವರು ರಸ್ತೆಯ ಎರಡೂ ಬದಿಯಲ್ಲಿ ಕೈಕಟ್ಟಿ ನಿಂತಿದ್ದರು. ಜೀಪಿನಿಂದಿಳಿದ ಚಂದನ ಮೇಡಂಗೆ ಮಂಗಳಮ್ಮನವರು ಆರತಿ ಎತ್ತಿದರು. ಮೂವತ್ತೈದರ ಹೆಣ್ಣುಮಗಳು, ಕೈಯಲ್ಲಿ ಟ್ಯಾಬು, ಮುಖದಲ್ಲಿ ನಿಜವಾದ ನಗು. ಇದೆಲ್ಲ ಯಾಕೆ ಮಾಡಿದಿರಿ ಎಂದು ಸಂಕೋಚಪಟ್ಟುಕೊಂಡರು. ಬಸ್ಸು ಹತ್ತಿ, ಸುತ್ತ ನೋಡಿ, ಫೋಟೋ ತೆಗೆದುಕೊಂಡರು. ಮುಂದಿನ ಸೀಟಿನಲ್ಲಿ ಮಂಚಮ್ಮ ತೋಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಿಂದೆ ಸುನಿತಾ. ಮೇಡಂ ಎದುರಿಗೆ ಕೆಂಪರಾಜು. ಮಿಕ್ಕ ಸೀಟುಗಳೆಲ್ಲ ಖಾಲಿ.

ದಾರಿಯುದ್ದಕ್ಕೂ ಅವರಿಬ್ಬರಿಗೂ ಮಾತೇ ಮಾತು. ದುಬೈಯಲ್ಲಿ ಹೀಗೆ, ಜರ್ಮನಿಯಲ್ಲಿ ಹಾಗೆ. ತನ್ನ ಮಾತು ಅರ್ಥವಾಗುವ ಮನುಷ್ಯರೊಬ್ಬರು ಮೂರು ವರ್ಷದ ಮೇಲೆ ಸಿಕ್ಕಿದರೆಂದು ಕೆಂಪರಾಜು ಹಿಗ್ಗಿದ.

"ಅಲ್ಲಿ ಒಂದು ಒಳ್ಳೇ ಪದ್ಧತಿ ಇದೆ," ಎಂದರು ಮೇಡಂ. "ಜನ ಕಮ್ಮಿ ಇರೋ ಹಳ್ಳಿಗೆ ದೊಡ್ಡ ಬಸ್ಸು ಸುಮ್ಮನೆ ಓಡಿಸೋದಿಲ್ಲ. ಬೇಕಾದವರು ಫೋನ್ ಮಾಡಿದರೆ ಸಣ್ಣ ವ್ಯಾನು ಬರುತ್ತೆ."

"ಅದೇ ಸರಿ ಮೇಡಂ! ಇಲ್ಲೂ ಹಂಗೇ ಮಾಡಬೇಕು," ಎಂದ ಕೆಂಪರಾಜು.

ಮೊದಲ ಊರಿನ ಸ್ಟಾಪು ಬಂತು. ಯಾರೂ ಹತ್ತಲಿಲ್ಲ. ಬಸ್ಸಿಗೆ ಕೈಮುಗಿದು ನಿಂತಿದ್ದರು. ಎರಡನೇ ಊರಿನಲ್ಲಿ ಒಬ್ಬ ಮುದುಕ ಅಭ್ಯಾಸಬಲದಿಂದ ಮೆಟ್ಟಿಲಿಗೆ ಕಾಲಿಟ್ಟ. ಪಕ್ಕದವರು ಅವನ ಪಂಚೆ ಹಿಡಿದು ಕೆಳಗೆಳೆದರು. ಅಷ್ಟರಲ್ಲಿ ಬಸ್ಸು ತಮ್ಮೂರಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿತು. ಟ್ರೇಲರಿನಲ್ಲಿ ಜನ ಒಬ್ಬರ ಮೇಲೊಬ್ಬರು ನಿಂತಿದ್ದರು. ಚಿಕ್ಕಬೋರಮ್ಮ ಹೂವಿನ ಕುಕ್ಕೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಳು. ಮೇಡಂ ಕಿಟಕಿಯಿಂದ ಅವರನ್ನು ನೋಡಿ ಟ್ಯಾಬಿನಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ ಮಂಚಮ್ಮನ ಕಡೆ ತಿರುಗಿದರು.

"ಅಜ್ಜಿ, ಈ ಬಸ್ಸಿಗೆ ಯಾವಾಗಲೂ ಇಷ್ಟೇ ಜನಾನಾ?"

ಮಂಚಮ್ಮ ಮಗನ ಮುಖ ನೋಡಿದಳು. ಬೆಳಿಗ್ಗೆ ನಾಲ್ಕು ಸಲ ಹೇಳಿಕೊಟ್ಟಿದ್ದ. ಅವನು ಕಣ್ಣಲ್ಲೇ ಹೇಳು ಅಂದ. ಅವಳು ಖಾಲಿ ಸೀಟುಗಳ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಊಂ ಕಣವ್ವಾ," ಎಂದಳು. "ನಮ್ ಬಸ್ಸು ಯಾವಾಗ್ಲೂ ಇಂಗೇಯ. ನೂಕಾಟ ಇಲ್ಲ, ಏನಿಲ್ಲ. ಆರಾಮಾಗಿ ಓಯ್ತೀವಿ."

ಮಹದೇವು ಟಿಕೆಟ್ ಮಿಷನ್ನು ಕೈಯಲ್ಲಿ ಹಿಡಿದು ಬಾಗಿಲಿನಾಚೆ ನೋಡುತ್ತ ನಿಂತ. ಮದ್ದೂರಿನಲ್ಲಿ ಇಳಿಯುವ ಮೊದಲು ಮೇಡಂ ಒಂದು ಹಾಳೆ ಮುಂದೆ ಮಾಡಿದರು. ಊರಿನವರ ಪರವಾಗಿ ಒಬ್ಬರ ಸಾಕ್ಷಿ ಬೇಕಿತ್ತು. ಕೆಂಪರಾಜು ಓದದೆಯೇ, ಹೆಮ್ಮೆಯಿಂದ, ಉದ್ದನೆಯ ಸಹಿ ಹಾಕಿದ.

ಇಪ್ಪತ್ತು ದಿನಕ್ಕೆ ಆದೇಶ ಬಂತು. ಮಹದೇವು ತಾನೇ ತಂದು ಕೆಂಪರಾಜುವಿನ ಕೈಗೆ ಕೊಟ್ಟ. ಸದರಿ ಮಾರ್ಗದಲ್ಲಿ ಪ್ರಯಾಣಿಕರ ಸಂಖ್ಯೆ ಇಬ್ಬರು. ಗ್ರಾಮಸ್ಥರಿಗೆ ಬೇರೆ ವಾಹನಗಳ ಅನುಕೂಲ ಇರುವುದು ಸ್ಥಳದಲ್ಲೇ ಕಂಡುಬಂದಿದೆ. ಆದ್ದರಿಂದ ಸೋಮವಾರದಿಂದ ಈ ಬಸ್ಸನ್ನು ಹೆಚ್ಚು ಬೇಡಿಕೆಯಿರುವ ಬೇರೊಂದು ಮಾರ್ಗಕ್ಕೆ ವರ್ಗಾಯಿಸಲಾಗಿದೆ. ಕೆಂಪರಾಜು ಮೂರು ಸಲ ಓದಿದ. ಆ ಇಬ್ಬರು ಯಾರೆಂದು ಅವನಿಗೆ ಗೊತ್ತಿತ್ತು. ಅವನನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆ ಸಂಜೆ ಚಿಕ್ಕಬೋರಮ್ಮ ಬೀದಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಳು. "ದುಬಾಯಿಂದ ಬಂದೋನು ಊರ್ ಬಸ್ಸೇ ನುಂಗಿ ನೀರ್ ಕುಡ್ದ! ನಾವು ಗಲೀಜು, ಇವ್ನೊಬ್ಬ ಮಡಿವಂತ! ನನ್ ಹೂವು ಕೊಳೆತೋಗ್ಲಿ, ನಿಮ್ಮವ್ವನ್ನ ಎಂಗ್ ಕರ್ಕೊಂಡೋಗ್ತೀಯ ಯೋಳ್ಲಾ!" ದೇವರಾಜು ತಾವು ನಾಲ್ಕು ಜನ ಕಡಿಮೆ ಹತ್ತೋಣ ಅಂದಿದ್ದು ಮಾತ್ರ ಎಂದು ಎಲ್ಲರಿಗೂ ನೆನಪಿಸಿ ಕೈತೊಳೆದುಕೊಂಡರು. ಕೆಂಪರಾಜು ಬಾಗಿಲು ಹಾಕಿಕೊಂಡು ಒಳಗೇ ಕೂತ.

ಮರುದಿನ ಮಂಡ್ಯದ ಕಚೇರಿಗೆ ಹೋದ. ಚಂದನ ಮೇಡಂ ಗುರುತು ಹಿಡಿದು ಕುರ್ಚಿ ಕೊಟ್ಟರು. ಅವನು ನಿಂತೇ ಎಲ್ಲ ಹೇಳಿದ. ನಾನೇ ಜನರನ್ನು ಇಳಿಸಿದ್ದು ಮೇಡಂ, ದಿನಾ ತೊಂಬತ್ತು ಜನ ಹೋಗ್ತಾರೆ, ಬಾಗಿಲಲ್ಲಿ ಜೋತು ಬೀಳ್ತಾರೆ, ಆ ಟ್ರ್ಯಾಕ್ಟರಿನಲ್ಲಿದ್ದವರೆಲ್ಲ ಅದೇ ಬಸ್ಸಿನವರು, ನೀವು ಕೂತಿದ್ದ ಸೀಟಿನ ಮೇಲೆ ದಿನಾ ಚಪ್ಪಲಿ ಬೀಳುತ್ತೆ. ತಾನು ಅಸಹ್ಯಪಟ್ಟುಕೊಂಡು ಮುಚ್ಚಿಟ್ಟಿದ್ದನ್ನೆಲ್ಲ ಈಗ ಒಂದೊಂದಾಗಿ ಎತ್ತಿ ತೋರಿಸಿ ಬೇಡುತ್ತಿದ್ದ.

ಮೇಡಂ ಕಡತದಿಂದ ಅವನು ಸಹಿ ಹಾಕಿದ್ದ ಹಾಳೆ ತೆಗೆದು ಮೇಜಿನ ಮೇಲಿಟ್ಟರು.

"ನಾನು ಅಜ್ಜಿಯನ್ನೇ ಕೇಳಿದ್ದೆನಲ್ಲ," ಎಂದರು. "ನೀವು ಸಹಿಯನ್ನೂ ಹಾಕಿದ್ದೀರಿ. ನಾನು ನಂಬಿದೆ. ಆ ಬಸ್ಸನ್ನು ಈಗಾಗಲೇ ಬೇರೆ ಊರಿಗೆ ಕೊಟ್ಟಾಗಿದೆ, ಅಲ್ಲೂ ಆಸ್ಪತ್ರೆಗೆ ಹೋಗೋರಿದ್ದಾರೆ. ಅವರಿಂದ ಕಿತ್ತು ನಿಮಗೆ ಹೇಗೆ ಕೊಡಲಿ? ಮರುಪರಿಶೀಲನೆ ಮುಂದಿನ ವರ್ಷ. ಅರ್ಜಿ ಕೊಟ್ಟು ಹೋಗಿ."

ಅವನು ಹನ್ನೆರಡನೇ ಅರ್ಜಿ ಕೊಟ್ಟು ಬಂದ.

ಸೋಮವಾರದಿಂದ ಆಟೋ ಗೊತ್ತು ಮಾಡಿದ. ಮದ್ದೂರಿನಲ್ಲಿ ಇಳಿಸಿ ಬೇರೆ ಬಸ್ಸು ಹತ್ತಿಸಿದರೆ ಮತ್ತೆ ಅದೇ ನೂಕಾಟ, ಆ ತೋಳಿಗೆ ಆಗದು. ವಾರಕ್ಕೆ ಮೂರು ಸಲ ಮಂಡ್ಯಕ್ಕೆ ಆಟೋ ಎಂದರೆ ರೇಷ್ಮೆಯ ದುಡಿಮೆ ಅದಕ್ಕೇ ಸಾಲದು. ಆದರೂ ಎರಡು ವಾರ ಹೇಗೋ ನಡೆಸಿದ. ಮೂರನೇ ವಾರದ ಸೋಮವಾರ ಮಂಚಮ್ಮ ಬರುವಾಗ ದಾರಿಯಲ್ಲಿ ಸೀಟಿನ ಮೇಲೆಯೇ ವಾಂತಿ ಮಾಡಿಕೊಂಡಳು. ಆಟೋದವನು ಮನೆ ಮುಂದೆ ನಿಲ್ಲಿಸಿ, ಮೂಗು ಮುಚ್ಚಿಕೊಂಡು, "ಥೂ, ಎಂಥಾ ಗಲೀಜು, ಇನ್ಮೇಲೆ ಬೇರೆ ಗಾಡಿ ನೋಡ್ಕೊಳಿ" ಎಂದ. ಕೆಂಪರಾಜು ಟವೆಲ್ಲಿನಿಂದ ಸೀಟು ಒರೆಸಿ, ಬಿಂದಿಗೆ ನೀರು ಸುರಿದು ತೊಳೆದ. ಬಸ್ಸಿನ ಜನಕ್ಕೆ ತಾನು ಬೈಯುತ್ತಿದ್ದ ಮಾತೇ ಅದು.

ಬುಧವಾರ ಬೈಕಿನಲ್ಲೇ ಕೂರಿಸಿಕೊಂಡು ಹೋದ. ಹೋಗುವಾಗ ಸರಿಹೋಯಿತು. ಬರುವಾಗ ರಕ್ತವೆಲ್ಲ ಶುದ್ಧಿಯಾಗಿ ಮೈ ಹಗುರಾಗಿ, ತಲೆ ನಿಲ್ಲದೆ, ಮಂಚಮ್ಮ ಅವನ ಬೆನ್ನ ಮೇಲೆ ಕುಸಿದಳು. ಒಂದು ಕೈಯಲ್ಲಿ ಹ್ಯಾಂಡಲು, ಇನ್ನೊಂದು ಕೈ ಹಿಂದಕ್ಕೆ ಚಾಚಿ ಅವಳನ್ನು ಹಿಡಿದುಕೊಂಡು ನಿಧಾನ ಓಡಿಸಿದ. ಮದ್ದೂರು ದಾಟಿ, ಊರಿನ ಕೈಮರದ ಹತ್ತಿರ ನಿಲ್ಲಿಸಿ ನೋಡಿದರೆ ಹಿಡಿದಿದ್ದು ಎಡತೋಳನ್ನೇ. ಸೂಜಿ ಚುಚ್ಚಿದ ಕಡೆಯ ಹತ್ತಿಯೆಲ್ಲ ಕೆಂಪಾಗಿತ್ತು. ಅವನು ಕೈ ಬಿಟ್ಟು ದೂರ ಸರಿದು ನಿಂತ. ತನ್ನ ಕೈಯನ್ನೇ ನೋಡಿಕೊಂಡು ಅವನಿಗೆ ಹೇಸಿಗೆಯಾಯಿತು.

ಮಂಚಮ್ಮ ಸೆರಗಿನಿಂದ ತೋಳನ್ನು ಒತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸುಖವಾಗಿರುತ್ತಿತ್ತು.

"ಅವ್ವ, ಅವತ್ತು ಆವಮ್ಮ ಕೇಳ್ದಾಗ ನಿಜ ಯೋಳ್ಬುಡಬೇಕಾಗಿತ್ತು ಕಣವ್ವ," ಎಂದ.

"ನೀ ಯೋಳ್ಕೊಟ್ಟಂಗೆ ಯೋಳ್ದೆ ಕಣಪ್ಪಾ," ಎಂದಳು ಮಂಚಮ್ಮ. "ಊರ್ ಮುಂದೆ ನಿನ್ ಮಾತು ಬೀಳಬಾರ್ದು ಅಂತ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಲೇ ಕೆಂಪ, ಮೂರ್ ದಿವ್ಸ ನನ್ ಕೈಲಾಗಲ್ಲ ಕಣ್ಲಾ. ವಾರಕ್ಕೆ ಎಲ್ಡೇ ಸಾಕು. ಡಾಕ್ಟ್ರುಗೆ ಯೋಳಕ್ಕೇನೂ ಓಗ್ಬೇಡ, ಬೈತಾರೆ. ಈ ಸುಕ್ರವಾರ ಬುಟ್ಬುಡು."

"ಬುಟ್ರೆ ಏನಾಯ್ತದೆ ಗೊತ್ತೇನವ್ವ ನಿಂಗೆ?"

"ಗೊತ್ತು ಕಣ್ಲಾ. ನಿಂಗಿಂತ ಚೆನ್ನಾಗ್ ಗೊತ್ತು."

ಅವನು ಬೇಡವೆಂದು ಹಟ ಹಿಡಿಯಬೇಕಿತ್ತು. ಹೇಗಾದರೂ ಕರೆದುಕೊಂಡು ಹೋಗುತ್ತೇನೆ ಎನ್ನಬೇಕಿತ್ತು. ಹೇಗೆ ಎಂದು ಕೇಳಿದರೆ ಏನು ಹೇಳುವುದು? ಬೈಕು ತಿರುಗಿಸಿ ನಿಲ್ಲಿಸಿ, ಅವಳನ್ನು ಬಲಗಡೆಯಿಂದ ಎತ್ತಿ ಕೂರಿಸಿದ.

ಶುಕ್ರವಾರ ಬೆಳಿಗ್ಗೆ ಮಂಚಮ್ಮ ಎಂದಿನಂತೆ ಐದಕ್ಕೇ ಎದ್ದಳು. ಮುಖ ತೊಳೆದು, ತಲೆ ಬಾಚಿ, ಆಸ್ಪತ್ರೆಗೆ ಉಡುವ ಹಸಿರು ಸೀರೆಯನ್ನೇ ಉಟ್ಟುಕೊಂಡಳು. ಸುನಿತಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಆರೂವರೆಯಾಯಿತು. ಮಂಚಮ್ಮ ಊದಿದ ಕಾಲುಗಳನ್ನು ನಿಧಾನಕ್ಕೆ ಎಳೆದುಕೊಂಡು ಹೋಗಿ ಜಗಲಿಯ ಮೇಲೆ ಕೂತಳು, ಬಸ್ಸು ನಿಲ್ಲುತ್ತಿದ್ದ ಖಾಲಿ ಜಾಗದ ಕಡೆ ನೋಡುತ್ತ ಅಲ್ಲೇ ಕೂತಿದ್ದಳು.